ಹುಲ್ಲಿನಲ್ಲಿಟ್ಟ ದನಿ

ಮ್ಯೂಸಿಕ್ ವಿಡಿಯೊ ಮಾಡುವ ಕೆಲಸದ ಬುಡದಲ್ಲೇ ಒಂದು ಸುಳ್ಳಿದೆ. ಅದು ಎಲ್ಲರಿಗೂ ಗೊತ್ತಿರುವ ಸುಳ್ಳು, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತೆರೆಯ ಮೇಲೆ ಹಾಡುವವರು ನಿಜಕ್ಕೂ ಹಾಡುತ್ತಿರುವುದಿಲ್ಲ. ಹಾಡು ಮೊದಲೇ ರೆಕಾರ್ಡ್ ಆಗಿರುತ್ತದೆ. ಶೂಟಿಂಗ್ ನಡೆಯುವ ಜಾಗದಲ್ಲಿ ಒಂದು ಸ್ಪೀಕರ್ ಇಟ್ಟು ಆ ಹಾಡನ್ನು ಹಾಕುತ್ತಾರೆ, ಇವರು ಅದಕ್ಕೆ ಬಾಯಿ ಆಡಿಸುತ್ತಾರೆ. ಬಾಯಿ ಒಂದು ಕಡೆ, ದನಿ ಇನ್ನೊಂದು ಕಡೆ. ಇದಕ್ಕೆ ಪ್ಲೇಬ್ಯಾಕ್ ಎಂದು ಹೆಸರು. ನನಗೆ ದೆವ್ವ ಭೂತಗಳಲ್ಲಿ ನಂಬಿಕೆಯಿಲ್ಲ. ಅಮಾವಾಸ್ಯೆಯ ಸಂಜೆ ಬೇಕೆಂದೇ ಕೂದಲು ಬಿಟ್ಟುಕೊಂಡು ಓಡಾಡಿ ಅಜ್ಜಿಯ ಹತ್ತಿರ ಬೈಸಿಕೊಂಡವಳು ನಾನು. ಆದರೆ ಪ್ಲೇಬ್ಯಾಕ್ ಸ್ಪೀಕರನ್ನು ಬಯಲಿನಲ್ಲಿ ಒಂಟಿಯಾಗಿ ಇಟ್ಟಿರುವುದನ್ನು ಕಂಡರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಆಗ ನಾನು ಯಲಹಂಕದ ಹೊರವಲಯದ ಕಾಲೇಜೊಂದರಲ್ಲಿ ಸಿನಿಮಾ ಓದುತ್ತಿದ್ದೆ. ಓದು ಎನ್ನುವುದು ದೊಡ್ಡ ಮಾತು. ಕ್ಯಾಮೆರಾ ಹೆಗಲಿಗೇರಿಸಿಕೊಂಡು ಎಲ್ಲರ ಮೇಲೂ ರೇಗುವುದನ್ನು ಕಲಿಯುತ್ತಿದ್ದೆ. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದೊಂದು ಮ್ಯೂಸಿಕ್ ವಿಡಿಯೊ ಮಾಡಿ ಒಪ್ಪಿಸಬೇಕಿತ್ತು. ನನಗೆ ಹಾಡು ಹುಡುಕುವ ಕಷ್ಟವಿರಲಿಲ್ಲ. ನನ್ನ ಗೆಳತಿಯರೇ ಸೇರಿ ಕಟ್ಟಿದ್ದ ಒಂದು ರಾಕ್ ಬ್ಯಾಂಡ್ ಇತ್ತು. ಒಬ್ಬಳು ಹಾಡುವವಳು, ಒಬ್ಬಳು ಡ್ರಮ್ಸ್, ಇನ್ನಿಬ್ಬರದು ಗಿಟಾರ್. ‘ಹುಡ್ಗೀರ ಬ್ಯಾಂಡಾ? ಭಜನೆ ಮಾಡ್ತೀರೇನ್ರೇ?’ ಎಂದು ಮೊದಲ ವರ್ಷ ಚುಡಾಯಿಸಿದ ಹುಡುಗರೆಲ್ಲ ಆಮೇಲೆ ಇವರ ಹಾಡು ಶುರುವಾಯಿತೆಂದರೆ ಮುಂದಿನ ಸಾಲಿಗೆ ನುಗ್ಗುತ್ತಿದ್ದರು. ಅದಕ್ಕೆ ಕಾರಣ ಹಾಡುವವಳ ದನಿ. ಅವಳು ಮೇಲಿನ ಸ್ವರ ಹಿಡಿದಾಗ ಸಭಾಂಗಣದ ಕಿಟಕಿಯ ಗಾಜು ಸಣ್ಣಗೆ ಅದುರುತ್ತಿತ್ತು. ಬಡಾಯಿಯಲ್ಲ, ನಾನೇ ಕೈಯಿಟ್ಟು ನೋಡಿದ್ದೇನೆ.

ಆ ವರ್ಷದ ನಡುವೆ ಅವಳ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಎಂದರು, ತೆಗೆಯಬೇಕು ಎಂದರು, ತೆಗೆಯುವಾಗ ದನಿಯ ನರಕ್ಕೆ ಪೆಟ್ಟಾಗುವುದೂ ಉಂಟು ಎಂದು ಮೊದಲೇ ಹೇಳಿದರು. ಹಾಗೇ ಆಯಿತು. ಗಂಟು ಹೋಯಿತು, ಜೀವಕ್ಕೇನೂ ತೊಂದರೆಯಿರಲಿಲ್ಲ. ದನಿ ಮಾತ್ರ ಬೇರೆಯಾಗಿ ಬಂತು. ತಗ್ಗಿದ, ಗಾಳಿ ಸೇರಿಕೊಂಡ, ಗೋಣಿಚೀಲವನ್ನು ನೆಲದ ಮೇಲೆ ಎಳೆದ ಹಾಗಿನ ದನಿ. ತಿಂಗಳುಗಳು ಕಳೆದರೂ ಹಾಗೇ ಇತ್ತು. ‘ಸರಿ ಹೋಗತ್ತೆ ಕಣೇ, ಟೈಮ್ ತಗೊಳತ್ತೆ’ ಎಂದು ನಾವೆಲ್ಲ ಹೇಳುತ್ತಲೇ ಇದ್ದೆವು. ಅವಳು ಮಾತು ನಿಲ್ಲಿಸಿದಳು. ನಮ್ಮ ಜೊತೆ ಕೂತಿದ್ದಾಗಲೂ ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತಿದ್ದಳು. ನಾವು ಓದಿ ಬಾಯಿಂದ ಉತ್ತರಿಸುತ್ತಿದ್ದೆವು.

ಹಾಡು ಮಾತ್ರ ನಮ್ಮ ಹತ್ತಿರ ಇತ್ತು. ಆಪರೇಷನ್ನಿಗೆ ಸ್ವಲ್ಪ ಮುಂಚೆ ಅವರು ಒಂದು ಹೊಸ ಹಾಡನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಯಶವಂತಪುರದ ಜನಜಂಗುಳಿಯಲ್ಲಿ ಗೆಳೆಯನ ಕಣ್ಣೆದುರೇ ನಿಂತು ಅವನಿಗೆ ಕಾಣಿಸದೆ ಹೋದ ಹುಡುಗಿಯ ಸಿಟ್ಟಿನ ಹಾಡು. ‘ಇಲ್ಲೇ ಇದೀನಿ, ಕಾಣ್ತಿಲ್ವಾ’ ಎಂಬುದು ಅದರ ಪಲ್ಲವಿ. ವಿಡಿಯೊ ಬಿಟ್ಟುಬಿಡೋಣ ಎಂದು ಡ್ರಮ್ಸಿನವಳು ಹೇಳಿದಾಗ ಹಾಡುವವಳು ತಲೆಯಾಡಿಸಿ ಟೈಪ್ ಮಾಡಿದಳು: ‘ಮಾಡ್ಲೇಬೇಕು. ಬಾಯಿ ಆಡಿಸಕ್ಕೆ ಗಂಟಲು ಯಾಕೆ ಬೇಕು?’

ಸರಿ, ತಯಾರಿ ಶುರುವಾಯಿತು. ಯಲಹಂಕ ಉಪನಗರದ ಹಳೆಯ ಬಡಾವಣೆಯಲ್ಲಿ ಅವಳ ಮನೆ. ಕೆಳಗೆ ಅವಳು ಮತ್ತು ಅವಳಮ್ಮ, ಮಹಡಿಯ ಮೇಲೆ ಶೀಟು ಹೊದಿಸಿದ ಒಂದು ರೂಮು. ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿ, ಹಳೆಯ ಹಾಸಿಗೆಯೊಂದನ್ನು ಬಾಗಿಲಿಗೆ ಒರಗಿಸಿ ಅದನ್ನೇ ಅಭ್ಯಾಸದ ಕೋಣೆ ಮಾಡಿಕೊಂಡಿದ್ದರು. ಅಲ್ಲೇ ಕೂತು ನಾವು ಜಾಗಕ್ಕಾಗಿ ಜಗಳವಾಡಿದೆವು. ಒಬ್ಬಳಿಗೆ ಹೆಬ್ಬಾಳದ ಫ್ಲೈಓವರ್ ಕೆಳಗೆ ಬೇಕು, ಇನ್ನೊಬ್ಬಳಿಗೆ ಯಶವಂತಪುರದ ರೈಲ್ವೆ ಮೇಲ್ಸೇತುವೆಯೇ ಆಗಬೇಕು. ಡ್ರಮ್ಸಿನವಳು ಆರ್.ಟಿ. ನಗರದ ಚಿಕ್ಕಮ್ಮನ ಮನೆ ಖಾಲಿಯಿದೆ, ಏಸಿಯೂ ಇದೆ ಎಂದಳು. ‘ರಾಕ್ ಹಾಡಿಗೆ ಸೋಫಾ ಸೆಟ್ ತೋರಿಸ್ಬೇಕೇನೇ?’ ಎಂದು ನಾನು ಹಾರಾಡಿದೆ. ಕೊನೆಗೆ ಗೆದ್ದವಳು ನಾನೇ: ಹೆಸರಘಟ್ಟದ ಹುಲ್ಲುಗಾವಲು, ಬೆಳಗಿನ ಮಂಜು, ಒಂದು ವೈರೂ ಇಲ್ಲದೆ ಹುಲ್ಲಿನ ನಡುವೆ ನಿಂತ ಗಿಟಾರುಗಳು.

ಹೀಗಿರುವಾಗ ಒಂದು ಮಧ್ಯಾಹ್ನ ನಾನು ಮಹಡಿಯ ಮೆಟ್ಟಿಲು ಹತ್ತುತ್ತಿದ್ದೆ. ಮೇಲಿನಿಂದ ಅವಳ ಹಾಡು ಕೇಳಿಸಿತು. ಗಿಟಾರಿಲ್ಲ, ಡ್ರಮ್ಸ್ ಇಲ್ಲ, ಬರೀ ಅವಳ ದನಿ, ಹಳೆಯ ಹಾಗೇ ಸ್ವಚ್ಛವಾಗಿ. ನನಗೆ ಕಣ್ಣೀರೇ ಬಂದುಬಿಟ್ಟಿತು. ಎರಡೆರಡು ಮೆಟ್ಟಿಲು ಹಾರಿ ಹೋಗಿ ಹಾಸಿಗೆ ತಳ್ಳಿ ಒಳಗೆ ನುಗ್ಗಿದೆ. ಅವಳು ಗೋಡೆಯ ಕನ್ನಡಿಯ ಮುಂದೆ ನಿಂತಿದ್ದಳು. ತುಟಿ ಆಡುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಮೇಲಿನ ಸ್ವರಕ್ಕೆ ಸರಿಯಾಗಿ ಕಣ್ಣು ಮುಚ್ಚಿಕೊಂಡಿತು. ನನ್ನನ್ನು ಕಂಡು ಬಾಯಿ ಮುಚ್ಚಿದಳು. ಹಾಡು ಮುಂದುವರಿಯಿತು. ಅವಳ ಹಿಂದಿದ್ದ ಸ್ಪೀಕರಿನಿಂದ ಅವಳೇ ಹಾಡುತ್ತಿದ್ದಳು, ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

‘ಪ್ರಾಕ್ಟೀಸಾ?’ ಎಂದೆ.

ಅವಳು ಹೌದೆಂದು ತಲೆಯಾಡಿಸಿದಳು.

ಅಷ್ಟರಲ್ಲಿ ಕೆಳಗಿನಿಂದ ಅವಳಮ್ಮ ಕೂಗಿದರು, ‘ಪುಟ್ಟಾ, ಊಟಕ್ಕೆ ಬಾ. ಫ್ರೆಂಡ್‌ನೂ ಕರ್ಕೊಂಡ್ ಬಾ.’

ಅವಳು ಹಾಡು ನಿಲ್ಲಿಸಿದಳು. ಫೋನ್ ತೆಗೆದುಕೊಂಡು ಏನನ್ನೋ ಹುಡುಕಿ ಒತ್ತಿದಳು. ಸ್ಪೀಕರಿನಿಂದ ಅವಳ ದನಿ ಬಂತು, ನಗುನಗುತ್ತಾ, ಸ್ವಲ್ಪ ಮುದ್ದು ಸೇರಿಸಿಕೊಂಡು: ‘ಬಂದೇ ಅಮ್ಮಾ, ಎರಡೇ ನಿಮಿಷ!’

‘ಬೇಗ ಬಾ, ಸಾರು ಆರೋಗತ್ತೆ,’ ಎಂದು ಕೆಳಗಿನಿಂದ ಉತ್ತರ ಬಂತು.

ನಾನು ಅಲ್ಲೇ ಇದ್ದ ಡ್ರಮ್ಸಿನ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮಟಮಟ ಮಧ್ಯಾಹ್ನ, ಹೊರಗೆ ಯಾರದೋ ಮನೆಯ ಕುಕ್ಕರ್ ಕೂಗುತ್ತಿತ್ತು. ಅವಳು ಹತ್ತಿರ ಬಂದು ಕೂತಳು. ತುಂಬಾ ದಿನಗಳ ನಂತರ ಬಾಯಿ ತೆರೆದು ಮಾತಾಡಿದಳು, ಆ ಹರಕು ದನಿಯಲ್ಲಿ, ಕೆಳಗೆ ಕೇಳಿಸದಷ್ಟು ಮೆಲ್ಲಗೆ. ಆಪರೇಷನ್ ಆದಮೇಲೆ ಅಮ್ಮನ ಎದುರಿಗೆ ಪಿಸುಮಾತಿನಲ್ಲೇ ಮಾತಾಡುತ್ತಾಳಂತೆ. ಗಂಟಲಿಗೆ ಇನ್ನೂ ವಿಶ್ರಾಂತಿ ಬೇಕು ಎಂದು ಸುಳ್ಳು ಹೇಳಿದ್ದಾಳೆ. ಪಿಸುಮಾತು ಎಲ್ಲರದೂ ಒಂದೇ ತರ ಇರುತ್ತದಲ್ಲ. ಒಂದು ದಿನ ಮೇಲೆ ಈ ಹಾಡು ಹಾಕಿಕೊಂಡು ಕೂತಿದ್ದಾಗ ಅಮ್ಮ ಗೇಟಿನ ಹತ್ತಿರ ಪಕ್ಕದ ಮನೆಯವರಿಗೆ ಹೇಳುವುದು ಕೇಳಿಸಿತಂತೆ: ‘ಕೇಳಿಸ್ತಾ? ನಮ್ಮ ಹುಡ್ಗಿ ಗಂಟಲು ಸರಿಹೋಯ್ತು ಕಣ್ರೀ.’ ಅವತ್ತಿನಿಂದ ದಿನವೂ ಹಾಕುತ್ತಾಳೆ, ಕೆಳಗೆ ಬಂದರೆ ಹಾಡಿ ಗಂಟಲು ದಣಿದಿದೆ ಎಂದು ಪಿಸುಗುಟ್ಟುತ್ತಾಳೆ. ಹಿಂದೆ ಅಮ್ಮನಿಗೆ ಕಳಿಸಿದ್ದ ವಾಯ್ಸ್ ಮೆಸೇಜುಗಳನ್ನೆಲ್ಲ ಒಟ್ಟು ಮಾಡಿಟ್ಟುಕೊಂಡಿದ್ದಾಳೆ. ‘ಬಂದೆ’ಗೆ ಒಂದು, ‘ಬೇಡ’ಕ್ಕೆ ಒಂದು, ‘ಓದ್ತಿದೀನಿ’ಗೆ ಒಂದು.

‘ಹೀಗೆ ಎಷ್ಟ್ ದಿನ ನಡ್ಸ್ತೀಯೇ?’ ಎಂದೆ.

‘ವಿಡಿಯೊ ಆಗ್ಲಿ. ಎಲ್ಲಾ ನೋಡ್ಲಿ. ಆಮೇಲೆ ಬ್ಯಾಂಡ್ ಬಿಡ್ತೀನಿ. ಈ ದನೀಲಿ ಯಾರ ಮುಂದೇನೂ ಬಾಯಿ ಬಿಡಲ್ಲ. ಅವಳು ಹಾಡ್ತಿದ್ಲು ಅಂತ ಅನ್ಕೊಳ್ಲಿ, ಅಷ್ಟು ಸಾಕು.’

ಅವಳು, ಎಂದಳು. ನಾನು ಎನ್ನಲಿಲ್ಲ. ನನಗೆ ಬೈಯಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು. ಎರಡೂ ಮಾಡದೆ ಕೆಳಗೆ ಹೋಗಿ ಸಾರನ್ನ ಉಂಡು ಬಂದೆ. ಬಡಿಸುವಾಗ ಆಂಟಿ ಮಗಳನ್ನು ಏನೂ ಕೇಳಲಿಲ್ಲ. ಅವಳ ತಟ್ಟೆಯ ಪಕ್ಕ ಬಿಸಿನೀರಿನ ಲೋಟ ಇಟ್ಟರು, ಕುಡಿದು ಮುಗಿಸಿದಾಗ ಇನ್ನೊಂದು ಲೋಟ ಇಟ್ಟರು. ಆಮೇಲೆ ಮಹಡಿಯ ರೂಮಿಗೆ ಒಬ್ಬಳೇ ಹೋಗುವುದನ್ನು ನಾನು ಬಿಟ್ಟೆ. ಉಳಿದವರಿಗೂ ವಿಷಯ ಹೇಳಿದೆ. ವಿಡಿಯೊ ನಿಲ್ಲಿಸಿದರೆ ಅವಳಿಗೆ ನೋವು, ಮುಗಿಸಿದರೆ ಅವಳು ಕೈತಪ್ಪುತ್ತಾಳೆ. ಹಾಗಾಗಿ ತಯಾರಿ ಮುಂದುವರಿಸಿದೆವು, ಆದಷ್ಟು ನಿಧಾನವಾಗಿ.

ಎಷ್ಟು ನಿಧಾನ ಮಾಡಿದರೂ ಟ್ರಯಲ್ ಶೂಟಿಂಗಿನ ದಿನ ಬಂದೇ ಬಂತು. ಒಂದು ವ್ಯಾನು ಮಾಡಿಕೊಂಡು ಬೆಳಗ್ಗೆ ಹೊರಟೆವು. ‘ಹುಡ್ಗೀರೇ ಹೋಗ್ತಿದೀರ, ತಿಂಡಿಗೇನ್ ಮಾಡ್ತೀರ?’ ಎಂದು ಆಂಟಿಯೂ ಇಡ್ಲಿಯ ಡಬ್ಬಿ ಹಿಡಿದು ಹತ್ತಿದರು. ಬೇಡ ಎನ್ನಲು ಅವಳು ಫೋನಿಗೆ ಕೈ ಹಾಕಿದಳು. ವ್ಯಾನಿನೊಳಗೆ ಅಮ್ಮನ ಕಣ್ಣೆದುರೇ ಅದನ್ನು ಒತ್ತುವುದಾದರೂ ಹೇಗೆ? ಚಿಕ್ಕಬಾಣಾವರ ದಾಟುವವರೆಗೂ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

ಹುಲ್ಲುಗಾವಲು ನಾನು ಅಂದುಕೊಂಡಿದ್ದಕ್ಕಿಂತ ಬೋಳಾಗಿತ್ತು, ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿತ್ತು. ಮಂಜು ಮಾತ್ರ ನಾನು ಬೇಡಿದ್ದಕ್ಕಿಂತ ಹೆಚ್ಚೇ ಇತ್ತು. ನಾಲ್ಕು ಮಾರು ಆಚೆ ನಿಂತವರ ಕಾಲು ಕಾಣಿಸುತ್ತಿರಲಿಲ್ಲ, ಸೊಂಟದಿಂದ ಮೇಲಷ್ಟೇ ತೇಲಿದಂತೆ ಕಾಣಿಸುತ್ತಿತ್ತು. ಇಬ್ಬನಿಯಲ್ಲಿ ಸೀರೆ ನೆನೆಯುತ್ತದೆ, ನೀವು ವ್ಯಾನಲ್ಲೇ ಇರಿ ಎಂದು ಆಂಟಿಯನ್ನು ರಸ್ತೆಯಂಚಿನಲ್ಲಿ ಬಿಟ್ಟು ನಾವು ಒಳಗೆ ನಡೆದೆವು. ಡ್ರಮ್ಮುಗಳಿಗೆ ಸದ್ದು ಬರದಂತೆ ಬಟ್ಟೆ ಹೊದಿಸಿದ್ದಾಯಿತು. ಸ್ಪೀಕರ್ ಚಿತ್ರದೊಳಗೆ ಬರಬಾರದೆಂದು ಅದನ್ನು ದೂರದಲ್ಲಿ, ಎತ್ತರದ ಹುಲ್ಲಿನ ಮರೆಯಲ್ಲಿ ಇಟ್ಟೆವು.

ಮೊದಲ ಸಲ ಹಾಡನ್ನು, ವಾದ್ಯ ತೆಗೆದ ಬರೀ ದನಿಯನ್ನು, ಇದ್ದ ವೇಗದಲ್ಲೇ ಹಾಕಿದೆವು. ಬಯಲು ತುಂಬ ಅವಳ ದನಿ ಎದ್ದಿತು. ಅವಳು ಬಾಯಿ ಆಡಿಸಿದಳು. ಒಂದಕ್ಷರವೂ ಆಚೀಚೆಯಾಗಲಿಲ್ಲ. ಗಿಟಾರುಗಳ ತಂತಿ ಮೀಟಿದರೂ ಸದ್ದಿಲ್ಲ, ಡ್ರಮ್ಮಿಗೆ ಹೊಡೆದರೂ ಸದ್ದಿಲ್ಲ. ಹಸುಗಳನ್ನು ಹೊಡೆದುಕೊಂಡು ಬರುತ್ತಿದ್ದ ಆ ಕಡೆಯ ಹೆಂಗಸೊಬ್ಬಳು ಮಂಜಿನಿಂದ ಹೊರಬಂದು ನಿಂತು ನೋಡಿದಳು. ಹಾಡುವವಳ ಬಾಯಿಯನ್ನೂ ಸ್ಪೀಕರಿದ್ದ ಕಡೆಯನ್ನೂ ಒಂದೆರಡು ಸಲ ತಿರುಗಿ ತಿರುಗಿ ನೋಡಿದಳು.

‘ಇದೇನವ್ವ ಇಂಗೆ? ಬಾಯಿ ಇಲ್ಲೈತೆ, ದನಿ ಅಲ್ಲೈತೆ,’ ಎಂದು ನನ್ನನ್ನು ಕೇಳಿದಳು.

‘ಶೂಟಿಂಗ್ ಕಣಮ್ಮ.’

‘ಏನೋಪ್ಪ. ಎದ್ರಿಕೆ ಆಯ್ತದೆ,’ ಎಂದು ಹಸುಗಳನ್ನು ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೋದಳು. ಗಿಟಾರಿನವರು ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಸ್ಲೋ ಮೋಷನ್ನಿನ ಸರದಿ. ಅದಕ್ಕೊಂದು ಉಪಾಯವಿದೆ. ಚಿತ್ರವನ್ನು ಆಮೇಲೆ ನಿಧಾನ ಮಾಡಿದರೆ ತುಟಿಯೂ ನಿಧಾನವಾಗಿ, ಹಾಡಿಗೆ ಹೊಂದುವುದಿಲ್ಲ. ಅದಕ್ಕೆ ಶೂಟಿಂಗ್ ಜಾಗದಲ್ಲಿ ಹಾಡನ್ನು ವೇಗವಾಗಿ ಹಾಕಬೇಕು, ಹಾಡುವವರು ಅದೇ ವೇಗದಲ್ಲಿ ಬಾಯಿ ಆಡಿಸಬೇಕು. ಆಮೇಲೆ ಚಿತ್ರ ನಿಧಾನ ಮಾಡಿದಾಗ ಕೂದಲು, ಹುಲ್ಲು ಎಲ್ಲ ಮೆಲ್ಲಗೆ ತೂಗುತ್ತವೆ, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂರುತ್ತದೆ. ಹಾಡನ್ನು ಹಾಗೆ ವೇಗ ಮಾಡಿಕೊಂಡು ಬರುವ ಕೆಲಸ ಡ್ರಮ್ಸಿನವಳದು. ನಾನು ಕ್ಯಾಮೆರಾ ಹಿಡಿದು ಕೈ ಎತ್ತಿದೆ. ಡ್ರಮ್ಸಿನವಳು ಹಾಡು ಒತ್ತಿದಳು.

ಹುಲ್ಲಿನ ಮರೆಯಿಂದ ಬಂದದ್ದು ವೇಗದ ಹಾಡಲ್ಲ. ನಿಧಾನವಾಗಿ, ತಗ್ಗಿನಲ್ಲಿ, ನೆಲ ಎಳೆದುಕೊಂಡು ಬರುವ ಹಾಗೆ ಒಂದು ದನಿ ಬಂತು. ‘ಇ...ಲ್ಲೇ... ಇ...ದೀ...ನಿ...’ ಪ್ರತಿ ಅಕ್ಷರದೊಳಗೂ ಗಾಳಿ ಸೇರಿಕೊಂಡಿತ್ತು, ಪ್ರತಿ ಅಕ್ಷರದ ಅಂಚೂ ಹರಿದಿತ್ತು. ಆ ದನಿ ನಮಗೆಲ್ಲ ಗೊತ್ತಿತ್ತು. ಮಹಡಿಯ ರೂಮಿನಲ್ಲಿ ನನ್ನ ಪಕ್ಕ ಕೂತು ಮೆಲ್ಲಗೆ ಮಾತಾಡಿದ್ದು ಅದೇ ದನಿ. ಹಳೆಯ ರೆಕಾರ್ಡಿಂಗಿನೊಳಗೆ, ಆಪರೇಷನ್ನಿಗೂ ಮುಂಚಿನ ಆ ಹಾಡಿನೊಳಗೆ ಅದು ಮೊದಲಿನಿಂದಲೂ ಅಡಗಿ ಕೂತಿದ್ದ ಹಾಗಿತ್ತು.

ಯಾರೂ ಅಲುಗಾಡಲಿಲ್ಲ. ಅವಳ ಬಾಯಿ ತೆರೆದೇ ಇತ್ತು, ಆಡುತ್ತಿರಲಿಲ್ಲ. ‘ಕಾ...ಣ್ತಿ...ಲ್ವಾ...’ ಎಂದು ಹುಲ್ಲು ಕೇಳಿತು.

‘ಬಂದೆ ಪುಟ್ಟಾ,’ ಎಂದು ಮಂಜಿನೊಳಗಿಂದ ಉತ್ತರ ಬಂತು. ‘ಅಲ್ಲೇ ಇರು, ಬಂದೆ.’

ಆಂಟಿ. ಕೈಯಲ್ಲಿ ಇಡ್ಲಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದ ನೆರಿಗೆ. ತಿಂಡಿ ಆರಿಹೋಗುತ್ತದೆಂದು ವ್ಯಾನಿನಿಂದ ಇಳಿದು ನಮ್ಮನ್ನು ಹುಡುಕುತ್ತಾ ಬಂದಿದ್ದರು. ನಮ್ಮ ಪಕ್ಕದಲ್ಲೇ ಹಾದುಹೋದರು, ನಮ್ಮನ್ನು ನೋಡಲಿಲ್ಲ. ದನಿ ಬರುತ್ತಿದ್ದ ಕಡೆಗೆ ನೆಟ್ಟಗೆ ನಡೆದರು. ‘ಎಲ್ಲಿದೀಯೋ? ಕಾಣ್ತಿಲ್ಲ ಕಣೋ,’ ಎನ್ನುತ್ತಾ ಎತ್ತರದ ಹುಲ್ಲನ್ನು ಕೈಯಿಂದ ಸರಿಸಿದರು. ಬಗ್ಗಿ ನೋಡಿದರು. ಅಲ್ಲೊಂದು ಕಪ್ಪು ಪೆಟ್ಟಿಗೆ ಹಾಡುತ್ತಿತ್ತು. ಅದರ ಮುಂದೆ ಅವರು ನಿಂತೇ ಇದ್ದರು, ಚಾಚಿದ ಕೈ ಹಾಗೇ ಇತ್ತು. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

‘ಅಮ್ಮಾ!’

ಅವಳು ಕೂಗಿದ್ದು. ಪಿಸುಮಾತಲ್ಲ, ಫೋನಲ್ಲ. ಆ ಒರಟು ದನಿಯನ್ನು ಪೂರ್ತಿ ಬಿಟ್ಟು ಕೂಗಿದಳು, ಅದು ನಡುವೆ ಸೀಳಿಹೋಯಿತು.

ಆಂಟಿ ಈ ಕಡೆ ತಿರುಗಿದರು. ಬೆಚ್ಚಲಿಲ್ಲ, ಯಾರ ದನಿ ಇದು ಎಂದು ಅನುಮಾನಿಸಲಿಲ್ಲ. ‘ಓ, ಅಲ್ಲಿದೀಯಾ?’ ಎಂದರು. ‘ಇಲ್ಲಿಂದ ಕರೀತಿದೀಯ ಅನ್ಕೊಂಡೆ.’

ಡ್ರಮ್ಸಿನವಳು ಆಗ ಎಚ್ಚೆತ್ತು ಹಾಡು ನಿಲ್ಲಿಸಿದಳು. ಬಯಲು ಒಮ್ಮೆಗೇ ಖಾಲಿಯಾಯಿತು. ಅವಳು ಹುಲ್ಲಿನಲ್ಲಿ ಎಡವುತ್ತಾ ಅಮ್ಮನ ಹತ್ತಿರ ಹೋದಳು.

‘ನಿಂಗೆ ಗೊತ್ತಿತ್ತಾ?’

‘ಏನು?’

‘ನನ್ ದನಿ. ಹೀಗಿರೋದು.’

ಆಂಟಿ ಡಬ್ಬಿಯನ್ನು ಕೆಳಗಿಟ್ಟರು. ‘ನಿದ್ದೇಲಿ ಮಾತಾಡ್ತೀಯಲ್ಲ ಮಗಳೇ. ಚಿಕ್ಕೋಳಿದ್ದಾಗಿಂದ ಮಾತಾಡ್ತೀಯ. ಆಸ್ಪತ್ರೆಯಿಂದ ಬಂದ ದಿನಾನೂ ಅಮ್ಮಾ ಅಂತ ಕರೆದೆ, ಇದೇ ದನೀಲಿ. ನಾನು ಓ ಅಂದೆ. ದಿನಾ ಅಂತೀನಿ.’

‘ಮತ್ತೆ ಮೇಲಿಂದ ನಾನು... ಅದನ್ನೆಲ್ಲ ಹಾಕ್ತಿದ್ದಾಗ?’

‘ಎರಡೇ ನಿಮಿಷ ಅನ್ನೋದಾ? ಅದು ನನಗೇ ಕಳಿಸಿದ್ದಲ್ವಾ, ನನ್ ಫೋನಲ್ಲೂ ಇದೆ.’ ನೆನೆದ ನೆರಿಗೆ ಕೊಡವುತ್ತಾ ಹೇಳಿದರು, ‘ನೀನು ಅಷ್ಟು ಕಷ್ಟಪಟ್ಟು ಕೇಳಿಸ್ತಿದ್ದೆ. ಕೇಳಿಸ್ಕೊಂಡೆ. ಪಕ್ಕದ್ಮನೆಯವ್ರಿಗೂ ಹೇಳ್ದೆ. ಇನ್ನೇನ್ ಮಾಡ್ಲಿ ನಾನು?’

ಅವಳು ಅಳತೊಡಗಿದಳು. ಅಳುವಾಗಲೂ ಅದೇ ದನಿ, ಅದನ್ನು ಮುಚ್ಚಿಡಲು ಹೋಗಲಿಲ್ಲ. ನಾವೂ ಅತ್ತೆವು. ನಾನು ಅಳುಬುರುಕಿಯಲ್ಲ, ಆದರೂ ಕ್ಯಾಮೆರಾ ಹುಲ್ಲಿನ ಮೇಲಿಟ್ಟು ಜೋರಾಗಿ ಅತ್ತೆ. ತಿಂಗಳುಗಟ್ಟಲೆ ನಾವು ‘ಸರಿ ಹೋಗತ್ತೆ’ ಎನ್ನುತ್ತಿದ್ದೆವಲ್ಲ, ಆ ಮಾತಿನಲ್ಲಿ ಅವಳ ಈಗಿನ ದನಿಗೆ ಎಲ್ಲೂ ಜಾಗವೇ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

‘ಸಾರಿ ಕಣೇ,’ ಎಂದಳು ಡ್ರಮ್ಸಿನವಳು, ಮೂಗು ಒರೆಸಿಕೊಳ್ಳುತ್ತಾ. ‘ಉಲ್ಟಾ ಮಾಡಿದೀನಿ. ಫಾಸ್ಟ್ ಮಾಡೋದ್ ಬಿಟ್ಟು ಸ್ಲೋ ಮಾಡಿದೀನಿ, ಅದಕ್ಕೇ ದನಿ ಇಳಿದೋಗಿದೆ. ಲ್ಯಾಪ್‌ಟಾಪ್ ವ್ಯಾನಲ್ಲಿದೆ, ಸರಿ ಮಾಡ್ಕೊಂಡ್ ಬರ್ತೀನಿ.’

‘ಬೇಡ,’ ಎಂದಳು ಹಾಡುವವಳು. ‘ಅದನ್ನೇ ಹಾಕು.’

ಮತ್ತೆ ಆ ದನಿ ಹುಲ್ಲಿನಿಂದ ಎದ್ದಿತು. ಈ ಸಲ ಅವಳು ಬರೀ ಬಾಯಿ ಆಡಿಸಲಿಲ್ಲ. ನಿಧಾನವಾಗಿ, ಕಣ್ಣು ತೆರೆದುಕೊಂಡೇ ಅದರ ಜೊತೆ ಹಾಡಿದಳು. ಪೆಟ್ಟಿಗೆಯ ದನಿ ಯಾವುದು, ಅವಳದು ಯಾವುದು ಎಂದು ನನಗೆ ತಿಳಿಯದಾಯಿತು. ಚರಣದಲ್ಲಿ ಹಾಡು ಮೇಲೇರುವ ಕಡೆ ಪೆಟ್ಟಿಗೆಯ ದನಿ ಏರಿತು. ಇವಳು ಏರಲು ಹೋದಳು, ಗಂಟಲು ಕಟ್ಟಿ ಬರೀ ಗಾಳಿ ಬಂತು. ಅಲ್ಲಿಗೆ ನಿಂತಳು. ಮತ್ತೆಂದೂ ಬಾಯಿ ತೆರೆಯುವುದಿಲ್ಲ ಎಂದು ನನಗೆ ಹೇಳಿದ್ದ ಮುಖವೇ ಮರಳಿ ಬಂದಿತ್ತು. ನಮ್ಮ ನಾಲಿಗೆಯ ತುದಿಯಲ್ಲಿ ಅದೇ ಹಳೆಯ ‘ಸರಿ ಹೋಗತ್ತೆ’ ಬಂದು ಕೂತಿತು.

ಆಂಟಿ ಒದ್ದೆ ಹುಲ್ಲಿನ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ತಲೆಯೆತ್ತದೆಯೇ ಹೇಳಿದರು:

‘ಅದರ ಹಿಂದೆ ಯಾಕೆ ಮೇಲಕ್ಕೋಗ್ತೀಯ? ಅದು ಹೋದ್ರೆ ಹೋಗ್ಲಿ. ನಿನ್ ಗಂಟಲಿಗೆ ಎಷ್ಟಾಗತ್ತೋ ಅಷ್ಟಕ್ಕೆ ಶ್ರುತಿ ಇಳಿಸ್ಕೊಂಡು ಹಾಡು.’

ಅವಳು ಅಮ್ಮನನ್ನೇ ನೋಡಿದಳು. ಆಪರೇಷನ್ ಆದಮೇಲೆ ಆ ದನಿಗೆ ಹೀಗೆ ಹಾಡು ಎಂದು ಹೇಳಿದವರು ಯಾರೂ ಇರಲಿಲ್ಲ. ಸ್ಪೀಕರ್ ಆರಿಸು ಎಂದು ಡ್ರಮ್ಸಿನವಳಿಗೆ ಕೈಸನ್ನೆ ಮಾಡಿದಳು. ಗಂಟಲು ಸರಿಮಾಡಿಕೊಂಡು, ಇಳಿಸಿಕೊಂಡು, ಚರಣವನ್ನು ಮತ್ತೆ ಮೊದಲಿನಿಂದ ಹಾಡಿದಳು.